ಜಗಲಿಯಲ್ಲಿ ಸಿಕ್ಕಿದ ತವರು

ನಮ್ಮ ಮನೆಗೆ ಐರ್ಲೆಂಡ್ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ, ಬೂತಾಯಿ ಮೀನಿನ ಗಸಿ ಬಡಿಸುವ ಹೊತ್ತಿಗೆ. ಶುಕ್ರವಾರ ಮಸ್ಕತ್ ಪಕ್ಕದ ನಮ್ಮ ಸೀಬಿನಲ್ಲಿ ಎಲ್ಲರಿಗೂ ರಜೆ. ಅಮ್ಮ ಬೆಳಿಗ್ಗೆಯೇ ನನ್ನ ಗಂಡನನ್ನು ಎಬ್ಬಿಸಿ ಕಾರು ಹೊರಡಿಸಿ, ಸೂಕ್ ಎನ್ನುವ ಇಲ್ಲಿಯ ಸಂತೆಯಲ್ಲಿ ಮೀನಿನವನೊಡನೆ ಜಗಳವಾಡಿ ಬೂತಾಯಿ ತಂದಿದ್ದಳು. ಅಮ್ಮನಿಗೆ ಅರಬಿ ಬರುವುದಿಲ್ಲ, ಆ ಒಮಾನಿ ಮುದುಕನಿಗೆ ತುಳು ಬರುವುದಿಲ್ಲ. ಆದರೂ ವಾರಕ್ಕೊಮ್ಮೆ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮನಸ್ಸು ತುಂಬ ಬೈದುಕೊಳ್ಳುತ್ತಾರೆ. ಕೊನೆಗೆ ಅವನು "ಖಲಾಸ್" ಎಂದು ಕೈಯೆತ್ತುತ್ತಾನೆ, ಅಮ್ಮ ಗೆದ್ದು ಬರುತ್ತಾಳೆ. ಒಂದು ವಾರ ಅಮ್ಮ ಹೋಗದಿದ್ದರೆ ಅವನು ನನ್ನ ಗಂಡನನ್ನು ಹಿಡಿದು ವಿಚಾರಿಸುತ್ತಾನಂತೆ.

ಊಟದ ನಡುವೆ ಮಗಳು ಫೋನಿನಿಂದ ತಲೆಯೆತ್ತಿ, "ನಾವು ಐರಿಷ್ ಆಗಬಹುದು, ಗೊತ್ತಾ?" ಎಂದಳು. ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಮಗಳಿಗೆ ತುಳು ಅರ್ಥವಾಗುತ್ತದೆ, ಕನ್ನಡ ಮಾತಾಡಲೂ ಬರುತ್ತದೆ, ಆದರೆ ಬಾಯಿ ತೆರೆದರೆ ಹೊರಗೆ ಬರುವುದು ಇಂಗ್ಲಿಷೇ. ಆಗ ಅವಳಿಗೆ ಹದಿನೇಳು, ಹನ್ನೆರಡನೆಯ ತರಗತಿ.

"ಮೊದಲು ಮುಳ್ಳು ನೋಡಿ ತಿನ್ನು," ಎಂದೆ.

ಅವಳು ಬಿಡಲಿಲ್ಲ. ಯಾರದಾದರೂ ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳು ಅರ್ಜಿ ಹಾಕಿ ಅಲ್ಲಿಯ ಪ್ರಜೆಗಳಾಗಬಹುದಂತೆ. ಅಲ್ಲಿ ಹುಟ್ಟಿದವರ ಮಕ್ಕಳಾದರೆ ಅರ್ಜಿಯೂ ಬೇಡವಂತೆ, ಹುಟ್ಟಿದ ದಿನದಿಂದಲೇ ಅವರು ಅಲ್ಲಿಯವರು. ಅವಳ ತರಗತಿಯ ಒಬ್ಬ ಹುಡುಗಿಯ ಕುಟುಂಬ ಹೀಗೆಯೇ ಯಾವುದೋ ದೇಶದ ಪಾಸ್‌ಪೋರ್ಟ್ ಮಾಡಿಸಿಕೊಂಡದ್ದನ್ನು ಕೇಳಿ ಇವಳು ಹುಡುಕಲು ಕೂತಿದ್ದಳು.

ಇದನ್ನು ಓದುವವರಿಗೆ ನಮಗೂ ಐರ್ಲೆಂಡಿಗೂ ಎಲ್ಲಿಯ ನಂಟು ಅನ್ನಿಸಬಹುದು. ನಂಟು ಇದ್ದದ್ದು ನನ್ನ ಅಜ್ಜಿಯಿಂದ, ಎಂದರೆ ಅಮ್ಮನ ಅಮ್ಮನಿಂದ. ಮಂಗಳೂರಿನ ಹತ್ತಿರದ ನಮ್ಮ ಅಜ್ಜ ಡಾಕ್ಟರಿಕೆ ಕಲಿಯಲು ಡಬ್ಲಿನ್ನಿಗೆ ಹೋದರು. ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹುಡುಗಿಯನ್ನು ಅಲ್ಲೇ ಮದುವೆಯಾಗಿ, ಹಡಗು ಹತ್ತಿಸಿ ಊರಿಗೆ ಕರೆತಂದರು. ಅವಳು ಮತ್ತೆ ತಿರುಗಿ ಹೋಗಲಿಲ್ಲ. ನಾನು ಕಂಡ ಅಜ್ಜಿ ನೂಲಿನ ಸೀರೆಯುಟ್ಟು, ಕೋಳಿಗಳಿಗೆ ತುಳುವಿನಲ್ಲಿ ಬೈಯುತ್ತ, ಬೇಯಿಸಿದ ಬಟಾಟೆಗೆ ಉಪ್ಪು ಮತ್ತು ತೆಂಗಿನೆಣ್ಣೆ ಹಾಕಿ ತಿನ್ನುತ್ತಿದ್ದ ಕೆಂಪು ಮುಖದ ಮುದುಕಿ. ಅವಳ ತುಳು ಚೆನ್ನಾಗಿತ್ತು, ಆದರೆ ಪ್ರತಿ ಮಾತಿನ ಕೊನೆಯನ್ನು ಸ್ವಲ್ಪ ಮೇಲಕ್ಕೆತ್ತುತ್ತಿದ್ದಳು. "ಬಲ, ಒಣಸ್ ಮಲ್ಪು" ಎಂದು ಊಟಕ್ಕೆ ಕರೆದರೂ ಏನೋ ಪ್ರಶ್ನೆ ಕೇಳಿದ ಹಾಗಿರುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡಳು. ಈಗಲೂ ಬಟಾಟೆ ಬೇಯುವ ವಾಸನೆಗೆ ನನಗೆ ಅವಳ ನೆನಪಾಗಿ ಸಂಕಟವಾಗುತ್ತದೆ.

ಮಗಳ ಮಾತು ಅರ್ಥವಾದ ಮೇಲೆ ಅಮ್ಮ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೇ ಇಳಿಸಿದಳು. "ಹಾಗಾದರೆ ನಾನು ಹುಟ್ಟಿದಾಗಿನಿಂದ ಐರ್ಲೆಂಡಿನವಳಾ? ಇಷ್ಟು ವರ್ಷ ಯಾರೂ ಒಂದು ಮಾತು ಹೇಳಲಿಲ್ಲವಲ್ಲ!" ಎಂದು ತನ್ನನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿಕೊಂಡಳು. ಆಮೇಲೆ ಇನ್ನೊಂದು ಸೌಟು ಗಸಿ ಹಾಕಿಸಿಕೊಂಡಳು.

ನನ್ನ ಗಂಡನಿಗೆ ತಮಾಷೆಗೆ ಬೇರೆ ಕಾರಣ ಬೇಕಾಗಿರಲಿಲ್ಲ. ಅವನು ವಾದಿ ಅದಾಯ್‌ನ ಒಂದು ಬಿಡಿಭಾಗಗಳ ಶೋರೂಮಿನಲ್ಲಿ ಮ್ಯಾನೇಜರ್. ಮದುವೆಯಾದಾಗಿನಿಂದ ನಾನು ಈ ದೇಶದಲ್ಲಿರುವುದು ಅವನ ವೀಸಾದ ಬಾಲ ಹಿಡಿದು. ಅವನ ಕಫೀಲ್, ಎಂದರೆ ವೀಸಾಕ್ಕೆ ಹೊಣೆ ನಿಲ್ಲುವ ಧಣಿ, ಸಹಿ ಹಾಕಿದರೆ ಅವನಿಗೆ ವೀಸಾ, ಅವನ ವೀಸಾ ನವೀಕರಣವಾದರೆ ನನಗೂ ಮಗಳಿಗೂ ಅಮ್ಮನಿಗೂ ವೀಸಾ. "ಇನ್ನು ಮುಂದೆ ನಾನು ನಿನ್ನ ವೀಸಾದಲ್ಲಿ ಇರುವುದು," ಎಂದ. "ಅಡುಗೆ ಮಾಡಿಕೊಂಡು ಮನೆಯಲ್ಲಿ ಕೂರ್ತೇನೆ. ನೀನೇ ನನ್ನ ಕಫೀಲ್."

"ಮೊದಲು ಬಟ್ಟಲು ತೊಳಿ," ಎಂದೆ. ಒಳಗೊಳಗೇ ನನಗೂ ಗುಂಗು ಹತ್ತಿತ್ತು.

ಅದಕ್ಕೆ ಕಾರಣ ಮಗಳು. ಆ ವರ್ಷದ ಮೊದಲಲ್ಲಿ ಅವಳ ಶಾಲೆಯಲ್ಲಿ ಒಂದು ಸಂಗತಿ ನಡೆದಿತ್ತು. ತರಗತಿಯಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಊರಿನ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು. ಇವಳು ಎದ್ದು "ಮಸ್ಕತ್" ಎಂದಳು. ಟೀಚರ್ ನಕ್ಕು, ಹಾಗಲ್ಲ ಮಗೂ, ನಿಜವಾದ ಊರು ಹೇಳು ಎಂದರಂತೆ. ಟೀಚರ್ ಒಳ್ಳೆಯವರೇ, ಇವಳೆಂದರೆ ಪ್ರೀತಿ. ಆದರೆ ಇವಳು ಹುಟ್ಟಿದ್ದು ಇಲ್ಲಿ, ನಡೆಯಲು ಕಲಿತದ್ದು ಸೀಬಿನ ಸಮುದ್ರದ ಹತ್ತಿರ, ಮನೆಯ ಮೇಲೆ ಹಾರುವ ವಿಮಾನ ಯಾವ ಕಂಪೆನಿಯದೆಂದು ಸದ್ದಿನಿಂದಲೇ ಹೇಳುವವಳು. ಮಂಗಳೂರನ್ನು ಅವಳು ಕಂಡದ್ದು ರಜೆಯಲ್ಲಿ, ನೆಂಟರ ಮನೆಗಳ ಸೋಫಾದ ಮೇಲೆ ಕುಳಿತು. ಅಲ್ಲಿಯೂ ಎಲ್ಲರೂ ಅವಳನ್ನು ಕರೆಯುವುದು ಮಸ್ಕತ್‌ನ ಹುಡುಗಿ ಎಂದೇ. ಅಂದು ಮನೆಗೆ ಬಂದವಳು ಚೀಲ ಬಿಸಾಡಿ, "ನನ್ನದು ಯಾವ ಊರು ಅಂತ ನೀವಾದರೂ ಒಂದು ನಿಶ್ಚಯ ಮಾಡಿ ಹೇಳಿ," ಎಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಶಾಲೆ ಮುಗಿದರೆ ಇಲ್ಲಿಂದ ಹೊರಡಲೇಬೇಕು, ಇಲ್ಲಿ ಹುಟ್ಟಿದ ಎಲ್ಲ ಮಕ್ಕಳೂ ಹೊರಡುತ್ತಾರೆ. ಎಲ್ಲಿಂದ ಬಂದವಳೆಂದು ಗೊತ್ತಿಲ್ಲದೆ ಎಲ್ಲಿಗೆ ಹೋಗುವುದು ಎಂಬುದು ಅವಳ ಪ್ರಶ್ನೆ.

ಆದ್ದರಿಂದ ಐರ್ಲೆಂಡ್ ಅವಳಿಗೆ ಹುಚ್ಚು ಹಿಡಿಸಿತು. ಅವಳಿಗೆ ಬೇಕಾದದ್ದು ಪಾಸ್‌ಪೋರ್ಟಿನ ಬಣ್ಣವಲ್ಲ. ಹುಟ್ಟಿನಿಂದಲೇ ಸಿಗುವ, ಯಾರೂ ನವೀಕರಣ ಮಾಡಿಸಬೇಕಿಲ್ಲದ ಒಂದು ಜಾಗ ಬೇಕಿತ್ತು. ಗೋಡೆಯ ಮೇಲೆ ಅಜ್ಜಿಯ ಫೋಟೋ ಬಂತು. ಐರಿಷರು ಹಾಗೆ ಕುಡಿಯುತ್ತಾರೆಂದು ಬೆಳಗಿನ ಚಹಾಕ್ಕೆ ಹಾಲು ಜಾಸ್ತಿಯಾಯಿತು. ಅಮ್ಮನನ್ನು ಕೂರಿಸಿಕೊಂಡು, ನಿನ್ನ ಅಮ್ಮ ಹಾಡುತ್ತಿದ್ದಳಾ, ಅಳುತ್ತಿದ್ದಳಾ, ಮೀನು ಯಾವುದು ಇಷ್ಟ ಎಂದು ಪೊಲೀಸರ ಹಾಗೆ ವಿಚಾರಣೆ ಮಾಡುತ್ತಿದ್ದಳು. ಅಮ್ಮನಿಗೂ ಖುಷಿ. ತನ್ನ ತಾಯಿಯ ಬಗ್ಗೆ ಇಷ್ಟು ಕೇಳುವವರು ಅವಳಿಗೆ ಮೊದಲು ಸಿಕ್ಕಿರಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ಅವಳು ಇದಕ್ಕೆ ಕೈ ಹಾಕಬಾರದು, ಎಲ್ಲವನ್ನೂ ನಾನೇ ಮಾಡುತ್ತೇನೆ ಎಂದು ಒಪ್ಪಂದವಾಯಿತು. ನಾನು ಖುರುಮಿನ ಒಂದು ವಿಮೆ ಆಫೀಸಿನಲ್ಲಿ ಕೆಲಸ ಮಾಡುವವಳು, ಕಾಗದಪತ್ರಕ್ಕೆ ಹೆದರುವವಳಲ್ಲ. ಅಜ್ಜಿಯ ಜನನದ ದಾಖಲೆ, ಡಬ್ಲಿನ್ನಿನ ಮದುವೆಯ ದಾಖಲೆ ಕೇಳಿದ ಕೂಡಲೇ ಅಲ್ಲಿಂದ ಬಂದವು. ಕಷ್ಟವಾದದ್ದು ನಮ್ಮ ಕಡೆಯದು. ಊರಿಗೆ ಬಂದ ಮೇಲೆ ಅಜ್ಜಿಗೆ ಇನ್ನೊಮ್ಮೆ ನಮ್ಮ ಕ್ರಮದಲ್ಲಿ ಮದುವೆ ಮಾಡಿಸಿ, ಒಂದು ತುಳು ಹೆಸರಿಟ್ಟಿದ್ದರು. ಅಮ್ಮನ ಜನನ ದಾಖಲೆಯಲ್ಲಿ ತಾಯಿಯ ಹೆಸರು ಅದೇ. ಡಬ್ಲಿನ್ನಿನ ನರ್ಸೂ ಮಂಗಳೂರಿನ ಗೃಹಿಣಿಯೂ ಒಬ್ಬಳೇ ಹೆಂಗಸು ಎಂದು ಸಾಬೀತು ಮಾಡಲು ಅಮ್ಮನ ಸೋದರಸಂಬಂಧಿಯೊಬ್ಬರು ಊರಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆದರು. ಅಮ್ಮ ಮಾತ್ರ, "ಒಬ್ಬಳೇ ಅಲ್ಲದೆ ಮತ್ತೆ? ನನಗೆ ಇಬ್ಬರು ತಾಯಂದಿರಾ?" ಎಂದು ಫೋನಿನಲ್ಲಿ ರೇಗುತ್ತಿದ್ದಳು.

ಇಷ್ಟೆಲ್ಲ ಮಾಡುವಾಗ ನಾವು ಒಂದು ವಿಷಯವನ್ನು ಪ್ರಶ್ನಿಸಲೇ ಇಲ್ಲ. ನನ್ನದಾದರೆ ಮಗಳದೂ ಆಗುತ್ತದೆ ಎಂದು ಮನೆಮಂದಿಯೆಲ್ಲ ನಂಬಿದ್ದೆವು. ಹೀಗೆ ನಂಬುವುದಕ್ಕೆ ನಾವು ಬೆಳೆದ ರೀತಿಯೇ ಕಾರಣ. ನಮ್ಮ ತುಳುನಾಡಿನಲ್ಲಿ ಮಗು ತಂದೆಯ ಕುಲಕ್ಕಲ್ಲ, ತಾಯಿಯ ಕುಲಕ್ಕೆ ಸೇರುತ್ತದೆ. ಅದಕ್ಕೆ ಬರಿ ಎನ್ನುತ್ತೇವೆ. ತಾಯಿಯ ಬರಿ ಮಗಳಿಗೆ, ಮಗಳದು ಮೊಮ್ಮಗಳಿಗೆ, ಹೆಣ್ಣು ಹುಟ್ಟುತ್ತಿರುವವರೆಗೆ ಅದು ಹರಿಯುತ್ತಲೇ ಇರುತ್ತದೆ. ಇಂಥ ತಲೆಮಾರಿಗೆ ಮುಗಿಯಿತು ಎಂಬ ಮಾತೇ ಇಲ್ಲ. ಅದರ ಮೇಲೆ ಗಲ್ಫಿನ ಅಭ್ಯಾಸ ಬೇರೆ. ಇಲ್ಲಿ ಮೊದಲು ಒಬ್ಬರಿಗೆ ಸ್ಟ್ಯಾಂಪ್ ಬೀಳಬೇಕು, ಉಳಿದವರದು ಹಿಂದಿನಿಂದ ಸಾಲಾಗಿ ಆಗುತ್ತದೆ. ಅಮ್ಮ ಐರಿಷ್, ಆಮೇಲೆ ನಾನು, ಆಮೇಲೆ ಮಗಳು. ಇದರಲ್ಲಿ ಸಂಶಯಪಡಲು ಏನಿದೆ?

"ತಾಯಿಯದು ಮಗಳಿಗೆ ಬರದೆ ಎಲ್ಲಿಗೆ ಹೋಗ್ತದೆ?" ಎಂದು ಅಮ್ಮ ಕೂಡ ಹೇಳಿದ್ದಳು.

ಐರ್ಲೆಂಡಿನಿಂದ ಬಂದ ಅಜ್ಜಿಗೆ ಬರಿ ಎಲ್ಲಿಂದ ಬಂತು ಎಂದು ಆಗ ನಾನು ಯೋಚಿಸಿರಲಿಲ್ಲ. ನಮ್ಮ ಬರಿಯ ಹೆಸರು ನನಗೆ ಗೊತ್ತಿತ್ತು, ಮದುವೆಯ ಮಾತುಕತೆಯಲ್ಲಿ ಹೇಳಿದ್ದೆ, ಅಲ್ಲಿಗೆ ಮುಗಿಯಿತು.

ಪರೀಕ್ಷೆಗಳು ನಡೆಯುತ್ತಿದ್ದಾಗ ನಮ್ಮ ಕೆಳಗಿನ ಫ್ಲ್ಯಾಟಿಗೆ ಬಾಗಲಕೋಟೆ ಕಡೆಯ ಒಂದು ಎಳೆಯ ಜೋಡಿ ಬಂತು. ಗಂಡ ಎಣ್ಣೆ ಕಂಪೆನಿಯ ಎಂಜಿನಿಯರ್. ಎರಡು ವಾರ ಮರಳುಗಾಡಿನ ಕ್ಯಾಂಪಿನಲ್ಲಿ, ಎರಡು ವಾರ ಮನೆಯಲ್ಲಿ. ಹೆಂಡತಿ ಬಸುರಿ. ಗಂಡ ಇಲ್ಲದ ವಾರಗಳಲ್ಲಿ ಹುಡುಗಿ ಮೇಲೆ ಬಂದು, "ಏನ್ ಮಾಡಾಕತ್ತೀರಿ ಆಂಟಿ?" ಎಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಅವಳ ಕನ್ನಡ ಅಮ್ಮನಿಗೆ ಮೊದಮೊದಲು ಜಗಳದ ಹಾಗೆ ಕೇಳುತ್ತಿತ್ತು. ಅಮ್ಮನ ಕನ್ನಡ ಅವಳಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತಂತೆ. ನನ್ನ ಮಗಳು ಮಾತ್ರ ಅವಳ ಜೊತೆ ಬೇಗ ಹೊಂದಿಕೊಂಡಳು. ಆ ಹುಡುಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಾಗಾಗಿ ಇವಳು ಕನ್ನಡದಲ್ಲೇ ಮಾತಾಡಬೇಕಾಯಿತು. ಹದಿನೇಳು ವರ್ಷ ನಾನು ಗೋಗರೆದು ಆಗದ್ದು ಹೀಗೆ ಆಯಿತು.

ಎಲ್ಲ ಕಾಗದ ಸೇರಿದ ಮೇಲೆ ಲಕೋಟೆ ಕಳಿಸುವ ಮೊದಲು ಒಂದು ಸಣ್ಣ ಸಂಶಯ ಕೇಳೋಣವೆಂದು ಆಫೀಸಿನ ಊಟದ ಬಿಡುವಿನಲ್ಲಿ ಐರ್ಲೆಂಡಿನ ಪೌರತ್ವದ ಕಚೇರಿಗೆ ಫೋನ್ ಮಾಡಿದೆ. ನನ್ನ ಮತ್ತು ಮಗಳ ಅರ್ಜಿಯನ್ನು ಒಟ್ಟಿಗೆ ಕಳಿಸಬಹುದೋ, ನನ್ನದು ಆಗುವವರೆಗೆ ಅವಳದು ಕಾಯಬೇಕೋ? ಅಷ್ಟೇ ನನ್ನ ಪ್ರಶ್ನೆ. ಫೋನೆತ್ತಿದವಳು ಒಬ್ಬ ಹೆಂಗಸು. ಅವಳು "ಹೇಳಿ" ಎಂದ ಕೂಡಲೇ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಮಾತಿನ ಕೊನೆ ಮೇಲಕ್ಕೆ ಹೋಗುತ್ತಿತ್ತು, ಥೇಟ್ ಅಜ್ಜಿ ಊಟಕ್ಕೆ ಕರೆದ ಹಾಗೆ. ಅಷ್ಟು ವರ್ಷಗಳ ಮೇಲೆ ಆ ದನಿ ಕಿವಿಗೆ ಬಿದ್ದು, ಕೇಳಬೇಕಾದದ್ದನ್ನು ಬಿಟ್ಟು ಅಜ್ಜಿಯ ಕಥೆಯಿಂದಲೇ ಶುರು ಮಾಡಿದೆ.

ಅವಳು ಎಲ್ಲವನ್ನೂ ಕೇಳಿಕೊಂಡಳು. ಅಜ್ಜಿಯ ಊರು ಕೇಳಿ, ತನ್ನ ಮಾವನ ಮನೆ ಅಲ್ಲೇ ಹತ್ತಿರ ಎಂದಳು. ಆಮೇಲೆ, "ಮಗಳಿಗೆ ಎಷ್ಟು ವಯಸ್ಸು?" ಎಂದು ಕೇಳಿದಳು.

"ಹದಿನೇಳು."

ಅವಳು ನಿಧಾನವಾಗಿ ವಿವರಿಸಿದಳು. ನನ್ನ ಅಜ್ಜಿ ಅಲ್ಲಿ ಹುಟ್ಟಿದವಳು, ಆದ್ದರಿಂದ ನಾನು ಆಗಬಹುದು. ಮಗಳಿಗೆ ಅವಳು ಮುತ್ತಜ್ಜಿ. ಮುತ್ತಜ್ಜಿಯಿಂದ ನೇರ ಹಕ್ಕು ಬರುವುದಿಲ್ಲ. ಮಗಳು ಹುಟ್ಟುವ ಮೊದಲೇ ನಾನು ಪ್ರಜೆಯಾಗಿ ದಾಖಲಾಗಿದ್ದರೆ ಅವಳಿಗೆ ಬರುತ್ತಿತ್ತು. ಹುಟ್ಟಿದ ಮೇಲೆ ದಾಖಲಾದರೆ ಇಲ್ಲ. "ಕ್ಷಮಿಸಿ, ನಿಜವಾಗಿಯೂ ಬೇಸರವಾಗುತ್ತಿದೆ," ಎಂದಳು. ಅವಳಿಗೆ ನಿಜವಾಗಿಯೂ ಬೇಸರವಾಗಿತ್ತು, ನಾನು ಆ ದನಿಯನ್ನು ಬಲ್ಲೆ. ಆ ಪ್ರೀತಿಯ ದನಿಯಲ್ಲಿ ಅಂಥ ಸುದ್ದಿ ಕೇಳುವುದಕ್ಕಿಂತ ಯಾರಾದರೂ ಒರಟ ಗುಮಾಸ್ತ ಸಿಕ್ಕಿದ್ದರೆ ಒಳ್ಳೆಯದಿತ್ತು. ಅವನಿಗಾದರೂ ನಾಲ್ಕು ಬೈದು ಫೋನ್ ಇಡಬಹುದಿತ್ತು.

ಮಗಳಿಗೆ ಹೇಳಿದ್ದು ಕಾರಿನಲ್ಲಿ. ಈ ಊರಿನಲ್ಲಿ ಎಲ್ಲ ಕಷ್ಟದ ಮಾತುಗಳೂ ಕಾರಿನಲ್ಲೇ ಆಗುವುದು, ಬೇರೆಲ್ಲಿಯೂ ಇಬ್ಬರೇ ಇರಲು ಆಗುವುದಿಲ್ಲ. ಕೊನೆಯ ಪರೀಕ್ಷೆ ಮುಗಿಸಿ ಶಾಲೆಯ ಗೇಟಿನಿಂದ ನಗುತ್ತ ಬಂದು ಕೂತಿದ್ದಳು. ಸಿಗ್ನಲಿನಲ್ಲಿ ಹೇಳಿಬಿಟ್ಟೆ. ಹಸಿರು ಬಿದ್ದರೂ ಕಾರು ಹೊರಡಿಸಲು ಮರೆತು, ಹಿಂದಿನವನು ಹಾರ್ನ್ ಹೊಡೆದು "ಯಲ್ಲಾ, ಯಲ್ಲಾ" ಎಂದು ಕಿರುಚಿದ.

"ಅಂದರೆ ನಿನ್ನ ಹತ್ತಿರ ನಿಂತುಹೋಗ್ತದೆ," ಎಂದಳು ಮಗಳು.

"ಹೌದು."

"ಇಲ್ಲಿ ಹುಟ್ಟಿದೆ, ಇಲ್ಲಿಯವಳಲ್ಲ. ಮಂಗಳೂರಿನವರು ನನ್ನನ್ನು ಮಸ್ಕತ್ ಅಂತಾರೆ. ಈಗ ಐರ್ಲೆಂಡೂ ಬಾಗಿಲು ಹಾಕಿತು. ಚೆನ್ನಾಗಿದೆ."

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಮನೆಗೆ ಬಂದು ಗೋಡೆಯ ಮೇಲಿದ್ದ ಅಜ್ಜಿಯ ಫೋಟೋ ತೆಗೆದು ಅಮ್ಮನ ಮಂಚದ ಮೇಲಿಟ್ಟು, "ಇದು ನಿನ್ನದು," ಎಂದಳು.

ನನ್ನ ಅರ್ಜಿ ಮಾತ್ರ ಕಳಿಸುವುದೋ ಬಿಡುವುದೋ ಎಂಬ ಮಾತು ಕೆಲವು ದಿನ ನಡೆಯಿತು. ಕಳಿಸಿದರೆ ನಾನು ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ನಮ್ಮ ದೇಶ ಎರಡನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಮಗಳಿಗೂ ಸಿಗುವುದಾಗಿದ್ದರೆ ಎರಡು ಸಲ ಯೋಚಿಸದೆ ಒಪ್ಪಿಸುತ್ತಿದ್ದೆ. ಒಬ್ಬಳೇ ಆಗಿ ಏನು ಮಾಡಲಿ? ಊರಿನ ವಿಮಾನ ನಿಲ್ದಾಣದಲ್ಲಿ ಗಂಡ, ಮಗಳು ಒಂದು ಸಾಲಿನಲ್ಲಿ, ನಾನು ವಿದೇಶಿಯರ ಸಾಲಿನಲ್ಲಿ. "ನನಗೆ ಬೇಡ," ಎಂದೆ.

"ನನ್ನ ತಲೆಗೆ ಕಟ್ಟಬೇಡ," ಎಂದು ಮಗಳು ಸಿಡಿದಳು. "ಬೇಡವಾದರೆ ನಿನಗೆ ಬೇಡ ಅಂತ ಹೇಳು. ನನ್ನಿಂದಾಗಿ ತ್ಯಾಗ ಮಾಡಿದೆ ಅಂತ ಆಮೇಲೆ ಎಲ್ಲರ ಹತ್ತಿರ ಹೇಳ್ತೀಯ."

ನನ್ನ ಗುಣ ಅವಳಿಗೆ ಚೆನ್ನಾಗಿ ಗೊತ್ತು. ಸರಿ, ನನಗೇ ಬೇಡ ಎಂದೆ. ಗಂಡ "ಹಾಗಾದರೆ ನನ್ನ ಅಡುಗೆಯ ಕೆಲಸ ಹೋಯಿತು" ಎಂದ. ಯಾರೂ ನಗಲಿಲ್ಲ.

ಅದಾಗಿ ಒಂದು ಸಂಜೆ ಅಮ್ಮ ಬೆಳ್ಳುಳ್ಳಿ ಸುಲಿಯುತ್ತ ಅಡುಗೆಮನೆಯ ನೆಲದಲ್ಲಿ ಕೂತಿದ್ದಳು. ಮಗಳು ಪಕ್ಕದಲ್ಲಿ ಸುಮ್ಮನೆ ಸಿಪ್ಪೆಯನ್ನು ಚೂರು ಮಾಡುತ್ತಿದ್ದಳು. ನಾನು ಒಲೆಯ ಹತ್ತಿರ. ಅಮ್ಮ ಪೀಠಿಕೆಯಿಲ್ಲದೆ ಶುರು ಮಾಡಿದಳು. "ನನ್ನ ಅಮ್ಮನಿಗೂ ಬಾಗಿಲು ಹಾಕಿದ್ದರು, ಗೊತ್ತುಂಟಾ?"

ಮಗಳು ತಲೆಯೆತ್ತಿದಳು.

ಅಜ್ಜ ಅಜ್ಜಿಯನ್ನು ಕರೆದುಕೊಂಡು ಊರಿಗೆ ಬಂದ ದಿನ ಮನೆಯವರು ಅವಳನ್ನು ಜಗಲಿಯಲ್ಲೇ ಕೂರಿಸಿದ್ದರಂತೆ. ಬಣ್ಣಕ್ಕೋ ಜಾತಿಗೋ ಅಲ್ಲ, ಅದಕ್ಕೆ ಅಳುವುದನ್ನೆಲ್ಲ ಅಜ್ಜನ ಕಾಗದ ಬಂದಾಗಲೇ ಅತ್ತು ಮುಗಿಸಿದ್ದರು. ತೊಡಕಾದದ್ದು ಬರಿ. ನಮ್ಮಲ್ಲಿ ಒಂದೇ ಬರಿಯ ಗಂಡು ಹೆಣ್ಣು ಅಣ್ಣ ತಂಗಿಯ ಲೆಕ್ಕ, ಮದುವೆಯಾಗುವಂತಿಲ್ಲ. ಬರಿಯೇ ಇಲ್ಲದವಳನ್ನು ಯಾವ ಮನೆಯ ಮಗಳೆಂದು ಧಾರೆಯೆರೆಸಿಕೊಳ್ಳುವುದು? ಅವಳಿಗೆ ಹುಟ್ಟುವ ಮಕ್ಕಳನ್ನು ಯಾವ ಕುಲಕ್ಕೆ ಸೇರಿಸುವುದು? ಹಿರಿಯರು ಅಂಗಳದಲ್ಲಿ ನಿಂತು ಚರ್ಚೆ ಮಾಡುತ್ತಿದ್ದರು. ಅಜ್ಜಿ ತನ್ನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಸೆಕೆಗೆ ಕಾಲು ಊದಿ ಬೂಟು ಕಳಚಲು ಬರುತ್ತಿರಲಿಲ್ಲ. ಏನು ನಡೆಯುತ್ತಿದೆ ಎಂದು ಭಾಷೆ ತಿಳಿಯದಿದ್ದರೂ ಅವಳಿಗೆ ತಿಳಿದಿತ್ತಂತೆ.

ಬಿಳಿ ಹೆಂಗಸನ್ನು ನೋಡಲು ಊರೇ ನೆರೆದಿತ್ತು. ಪಕ್ಕದ ಮನೆಯ ಯಜಮಾನತಿಯೂ ಬಾಯಿ ತುಂಬ ವೀಳ್ಯ ಹಾಕಿಕೊಂಡು ಬಂದಿದ್ದಳು. ಅವಳಿಗೆ ಇದ್ದವರೆಲ್ಲ ಗಂಡುಮಕ್ಕಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಳದ ಮೂಲೆಗೆ ಹೋಗಿ ವೀಳ್ಯ ಉಗಿದು, ಬಾಯಿ ಒರೆಸಿಕೊಂಡು ಜಗಲಿ ಹತ್ತಿದಳು. ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೂಟಿನ ದಾರ ಬಿಚ್ಚಿದಳು. ಎದ್ದು ನಿಂತು, ಅಜ್ಜಿಯ ಕೈ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ಮೋಳು ಎನ್ನ ಮಗಳ್" ಎಂದಳು. ಇವಳು ನನ್ನ ಮಗಳು. ಅಷ್ಟು ಹೇಳಿ ತನ್ನ ಮನೆಗೆ ಕರೆದುಕೊಂಡು ಹೋದಳು. ಮದುವೆಯ ದಿನ ಅಜ್ಜಿ ಹೊರಟದ್ದು ಆ ಮನೆಯಿಂದ, ಆ ಮನೆಯ ಸೀರೆಯುಟ್ಟು. ಅಮ್ಮ ಹುಟ್ಟಿದಾಗ ಬಾಣಂತನವೂ ಅಲ್ಲೇ ಆಯಿತು. ಅಜ್ಜಿಯ ಬರಿ ಎಂದರೆ ಆ ಹೆಂಗಸಿನ ಬರಿ. ಅದೇ ಅಮ್ಮನದು, ಅದೇ ನನ್ನದು.

ನಾನು ಸೌಟು ಹಿಡಿದು ನಿಂತೇ ಇದ್ದೆ. ನಲವತ್ತು ದಾಟಿದರೂ ಇದನ್ನು ಕೇಳಿರಲಿಲ್ಲ. ಆ ಮನೆಯ ಮುದುಕಿಯನ್ನು ನಾವು ಮಕ್ಕಳು ದೊಡ್ಡಜ್ಜಿ ಎನ್ನುತ್ತಿದ್ದೆವು, ರಕ್ತಸಂಬಂಧಿ ಅಲ್ಲ ಎಂಬುದೇ ನನಗೆ ತಿಳಿದಿರಲಿಲ್ಲ.

"ಅದನ್ನು ಯಾರಾದರೂ ಬರೆದುಕೊಂಡರಾ?" ಮಗಳು ಕೇಳಿದಳು. ಕನ್ನಡದಲ್ಲೇ ಕೇಳಿದಳು.

"ಬರೆಯುವುದು ಎಂತಕ್ಕೆ?"

"ಮತ್ತೆ ಅದು ಲೆಕ್ಕಕ್ಕೆ ಬಂದದ್ದು ಹೇಗೆ?"

"ಎಲ್ಲರೂ ಕೇಳಿಸಿಕೊಂಡಿದ್ದರಲ್ಲ," ಎಂದಳು ಅಮ್ಮ, ಬೆಳ್ಳುಳ್ಳಿಯ ಬಟ್ಟಲನ್ನು ನನ್ನ ಕಡೆ ತಳ್ಳುತ್ತ.

ಫೋಟೋ ಗೋಡೆಗೆ ವಾಪಸು ಬಂದದ್ದನ್ನು ನಾನು ನೋಡಿದ್ದು ಎರಡು ದಿನ ಬಿಟ್ಟು. ಬಂದದ್ದಕ್ಕೆ ಏನೂ ಹೇಳಬೇಡ ಎಂದು ಗಂಡ ಕಣ್ಣಲ್ಲೇ ಎಚ್ಚರಿಸಿದ. ಕಷ್ಟಪಟ್ಟು ಬಾಯಿ ಮುಚ್ಚಿಕೊಂಡೆ.

ಕೆಳಗಿನ ಮನೆಯ ಹುಡುಗಿಗೆ ಏಳು ತಿಂಗಳಾಯಿತು. ಅವರ ಕಡೆ ಏಳರಲ್ಲಿ ಕುಬಸ ಮಾಡುತ್ತಾರೆ. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು, ಹಸೆಯ ಮೇಲೆ ಕೂರಿಸಿ ಆರತಿಯೆತ್ತಬೇಕು. ಅವಳ ತಾಯಿ ಬರುವುದೆಂದು ಎಲ್ಲ ನಿಶ್ಚಯವಾಗಿತ್ತು, ಆದರೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ಹುಡುಗಿ ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ, "ಕುಬಸ ಬ್ಯಾಡ ಬಿಡ್ರಿ ಆಂಟಿ. ತವರವ್ರು ಯಾರೂ ಇಲ್ಲ, ಯಾರ ಸೀರಿ ಉಡ್ಲಿ?" ಎಂದು ನಕ್ಕಳು. ನಗು ಬಾಯಲ್ಲಿ ಮಾತ್ರ ಇತ್ತು.

ಅವಳು ಹೋದ ಮೇಲೆ ಮಗಳು ನನ್ನ ಹತ್ತಿರ ಬಂದಳು. "ಸೀರೆ ನಾವು ತರುವಾ?"

ನೆರೆಮನೆಯವರು ಉಡುಗೊರೆ ಕೊಡುವುದು ಇದ್ದದ್ದೇ, ಹೂಂ ಎಂದೆ. ರೂವಿಯ ಅಂಗಡಿಗೆ ಕರೆದುಕೊಂಡು ಹೋದೆ. ಹಸಿರಿನಲ್ಲಿ ಎಷ್ಟೊಂದು ಬಗೆಗಳಿದ್ದವು, ಮಾವಿನೆಲೆಯದು, ಪಾಚಿಯದು. ಇವಳು ಆರಿಸಿದ್ದು ಕಣ್ಣಿಗೆ ಕುಕ್ಕುವ ಗಿಳಿ ಹಸಿರು, ಕೆಂಪು ಅಂಚು. ಇದನ್ನು ಉಟ್ಟರೆ ಟ್ರಾಫಿಕ್ ನಿಲ್ಲುತ್ತದೆ ಎಂದೆ. ನಿಲ್ಲಲಿ ಎಂದಳು. ಗಂಡ ಅದನ್ನು ನೋಡಿ, "ಐರ್ಲೆಂಡಿನವರ ಬಣ್ಣವೂ ಹಸಿರೇ ಅಲ್ವಾ?" ಎಂದ. ಮಗಳು ಬಹಳ ದಿನಗಳ ಮೇಲೆ ಅಪ್ಪನ ತಮಾಷೆಗೆ ನಕ್ಕಳು.

ಕುಬಸದ ದಿನ ಆ ಸಣ್ಣ ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಉತ್ತರ ಕರ್ನಾಟಕದ ಹೆಂಗಸರು ಹೋಳಿಗೆ, ಶೇಂಗಾ ಚಟ್ನಿ, ರೊಟ್ಟಿಗಳ ಡಬ್ಬಗಳೊಂದಿಗೆ ಮಸ್ಕತ್‌ನ ಮೂಲೆಮೂಲೆಯಿಂದ ಬಂದಿದ್ದರು. ಹುಡುಗಿಯ ಗಂಡ ರಜೆ ಹಾಕಿ ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಲ್ಕನಿಯಲ್ಲಿ ನನ್ನ ಗಂಡನ ಜೊತೆ ಅಡಗಿದ್ದ. ಶಾಸ್ತ್ರವನ್ನೆಲ್ಲ ನಡೆಸುತ್ತಿದ್ದವರು ಅವನ ಸಹೋದ್ಯೋಗಿಯ ತಾಯಿ, ಮಗನ ಮನೆಗೆ ಬಂದಿದ್ದ ಗಟ್ಟಿಮುಟ್ಟಾದ ಅಜ್ಜಿ. ಹುಡುಗಿಯನ್ನು ಹಸೆಯ ಮೇಲೆ ಕೂರಿಸಿದರು. ಹಾಡು ಶುರುವಾಗಬೇಕು ಎನ್ನುವಾಗ ಆ ಅಜ್ಜಿ ಸುತ್ತ ನೋಡಿ ಕೇಳಿದರು.

"ತವರ ಮನಿಯವ್ರು ಯಾರ್ ಬಂದಾರವ್ವಾ? ಸೀರಿ ಅವ್ರ ಕೈಯಾಗಿಂದನ ಬರಬೇಕು."

ಅವರಿಗೆ ತಾಯಿಯ ಕಾಲಿನ ಸುದ್ದಿ ಗೊತ್ತಿರಲಿಲ್ಲ. ಹುಡುಗಿ ತಲೆ ತಗ್ಗಿಸಿದಳು, ಬಳೆಗಳನ್ನು ಹಿಂದೆ ಮುಂದೆ ಸರಿಸತೊಡಗಿದಳು. ನಾನು ಏನಾದರೂ ಹೇಳಿ ಮಾತು ತೇಲಿಸೋಣವೆಂದು ಎದ್ದೆ. ಅಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮೂಲೆಯಲ್ಲಿ ನಿಂತಿದ್ದ ಮೊಮ್ಮಗಳನ್ನು ನೋಡುತ್ತಿದ್ದಳು.

ನನ್ನ ಮಗಳು ಸೀರೆಯ ಪೊಟ್ಟಣ ಎದೆಗವಚಿಕೊಂಡು, ಕೂತವರ ಕಾಲು ದಾಟಿಕೊಂಡು, ಹಸೆಯ ಹತ್ತಿರ ಬಂದಳು. ಮುಖ ಕೆಂಪಾಗಿತ್ತು, ನನ್ನ ಅಜ್ಜಿಯ ಮುಖದ ಹಾಗೆಯೇ. ಹುಡುಗಿಯ ಕೈ ಹಿಡಿದಳು.

"ನಾವು ಬಂದಿದ್ದೇವೆ," ಎಂದಳು. ದನಿ ಸಣ್ಣದಾಯಿತು ಅನ್ನಿಸಿತೋ ಏನೋ, ಗಂಟಲು ಸರಿ ಮಾಡಿಕೊಂಡು ಇನ್ನೂ ಜೋರಾಗಿ ಹೇಳಿದಳು. "ಇವರು ನಮ್ಮ ಮನೆಯ ಮಗಳು. ನಾನು ತಂಗಿ."

ಆ ಅಜ್ಜಿ ಇವಳನ್ನೊಮ್ಮೆ, ಗಿಳಿ ಹಸಿರಿನ ಸೀರೆಯನ್ನೊಮ್ಮೆ ನೋಡಿದರು. "ಹಂಗಾರ ದೂರ ಯಾಕ ನಿಂತಿದ್ದಿ? ಬಾರವ್ವಾ, ಸೀರಿ ಕೊಡು ನಿಮ್ಮಕ್ಕಗ," ಎಂದರು.

ನನ್ನ ಕಣ್ಣು ತುಂಬಿ ಎದುರಿನದೆಲ್ಲ ಹಸಿರು ಹಸಿರಾಗಿ ಕಾಣಿಸಿತು. ಮಗಳು ಸೀರೆ ಕೊಟ್ಟಳು, ಹುಡುಗಿ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ಅಲ್ಲಿದ್ದವರೆಲ್ಲರೂ ಕೇಳಿಸಿಕೊಂಡರು.